ಗಣಕದಲ್ಲಿ ಒಡೆಯುವ ಅಕ್ಷರ: ಬೆಳಗಾವಿ, ಖಾನಾಪುರದ ಕಚೇರಿಗಳಿಗೊಂದು ಕೈಪಿಡಿ

ಖಾನಾಪುರ ತಾಲ್ಲೂಕಿನ ಹಲಸಿ ಈಗ ಒಂದು ಪುಟ್ಟ ಊರು. ಕದಂಬರ ಕಾಲದಲ್ಲಿ ಅದು ಪಲಾಶಿಕಾ ಎಂದು ಹೆಸರಾಗಿದ್ದ ರಾಜಧಾನಿ. ಅಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಒಂದು, ಐದನೆಯ ಶತಮಾನದ ಕಾಕುಸ್ಥವರ್ಮನ ಕಾಲದ್ದು. ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಹೊಲವೊಂದನ್ನು ಕೊಟ್ಟ ಸಂಗತಿ ಅದರಲ್ಲಿದೆ. ಯಾವ ಊರಿನ ಹೊಲ, ಕೊಟ್ಟವರು ಯಾರು, ಪಡೆದವರು ಯಾರು ಎಂಬುದೆಲ್ಲ ಅದರಲ್ಲಿ ಸ್ಪಷ್ಟವಾಗಿದೆ. ಈ ಭಾಗದ ರೈತರ ಮಾತಿನಲ್ಲಿ ಹೇಳುವುದಾದರೆ ಅದೊಂದು ಉತಾರ. ಬರೆದು ಹದಿನಾಲ್ಕು ಶತಮಾನ ಕಳೆದ ಮೇಲೆ, 1870ರ ದಶಕದಲ್ಲಿ, ಜೆ. ಎಫ್. ಫ್ಲೀಟ್ ಅದನ್ನು ಓದಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದರು. ಲೋಹ ಉಳಿದಿತ್ತು, ಲಿಪಿಯನ್ನು ಬಲ್ಲವರಿದ್ದರು, ಅಷ್ಟು ಸಾಕಾಯಿತು.

ಅದೇ ತಾಲ್ಲೂಕಿನ ಒಂದು ಕಚೇರಿಯಲ್ಲಿ 1996ರಲ್ಲಿ ಗಣಕಯಂತ್ರದ ಮೇಲೆ ಬರೆದ ಕನ್ನಡ ಪತ್ರವೊಂದು ಫ್ಲಾಪಿಯಲ್ಲಿ ಉಳಿದಿದೆ ಎಂದುಕೊಳ್ಳೋಣ. ಅದನ್ನು ಓದುವುದು ತಾಮ್ರಪಟ ಓದುವುದಕ್ಕಿಂತ ಕಷ್ಟ. ಮೊದಲಿಗೆ ಫ್ಲಾಪಿಯನ್ನು ತೂರಿಸುವ ಕಿಂಡಿ ಈಗಿನ ಯಂತ್ರಗಳಲ್ಲಿಲ್ಲ. ಹೇಗೋ ಕಡತ ತೆರೆದರೂ ಪರದೆಯ ಮೇಲೆ ಕನ್ನಡ ಕಾಣುವುದಿಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಕಾಲು ಭಾಗದ ಗುರುತು, ಆವರಣದ ಬಾಣಗಳು ಸಾಲುಗಟ್ಟಿ ನಿಲ್ಲುತ್ತವೆ. ನೋಡಿದವರು “ಕಂಪ್ಯೂಟರ್ ಕೆಟ್ಟಿದೆ” ಎಂದು ರಿಪೇರಿಯವರಿಗೆ ಹೇಳಿಕಳಿಸುತ್ತಾರೆ. ಆದರೆ ಯಂತ್ರ ಕೆಟ್ಟಿರುವುದಿಲ್ಲ. ಅಕ್ಷರಕ್ಕೂ ಯಂತ್ರಕ್ಕೂ ಇದ್ದ ಒಪ್ಪಂದ ಮುರಿದಿರುತ್ತದೆ. ಕನ್ನಡದ ಕಚೇರಿಗಳಲ್ಲಿ ಗಣಕದ ತೊಂದರೆ ಎಂದು ಕರೆಯುವುದರಲ್ಲಿ ದೊಡ್ಡ ಪಾಲು ಈ ಬಗೆಯದು. ಅದರ ಚರಿತ್ರೆ ಗೊತ್ತಿದ್ದರೆ ಚಿಕಿತ್ಸೆ ಸುಲಭ.

ಟೈಪ್‌ರೈಟರ್ ಕಲಿಸಿದ ಪಾಠ

ಕನ್ನಡವನ್ನು ಯಂತ್ರದ ಮೇಲೆ ಬರೆಯುವ ಸಮಸ್ಯೆ ಗಣಕಕ್ಕಿಂತ ಹಳೆಯದು. ಇಂಗ್ಲಿಷಿಗೆ 26 ಅಕ್ಷರ ಸಾಕು. ಕನ್ನಡದಲ್ಲಿ ಮೂಲಾಕ್ಷರಗಳು ಐವತ್ತರ ಆಸುಪಾಸು ಇದ್ದರೂ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ಬರಹದ ರೂಪಗಳು ಸಾವಿರಗಟ್ಟಲೆ. ಟೈಪ್‌ರೈಟರಿನ ನಲವತ್ತು ಚಿಲ್ಲರೆ ಕೀಲಿಗಳಲ್ಲಿ ಇವನ್ನೆಲ್ಲ ಅಡಗಿಸುವುದು ಹೇಗೆ? ಕನ್ನಡ ಬೆರಳಚ್ಚು ಯಂತ್ರವನ್ನು ರೂಪಿಸಿದ ಅನಂತ ಸುಬ್ಬರಾಯರು ಕಂಡುಕೊಂಡ ಉತ್ತರವೆಂದರೆ ಅಕ್ಷರವನ್ನು ಬಿಡಿಸುವುದು. ತಲೆಕಟ್ಟು ಬೇರೆ, ಒಡಲು ಬೇರೆ, ಗುಡಿಸು ಬೇರೆ, ದೀರ್ಘ ಬೇರೆ, ಒತ್ತು ಬೇರೆ. ಬೆರಳಚ್ಚುಗಾರ ಈ ತುಂಡುಗಳನ್ನು ಒಂದರ ಪಕ್ಕಕ್ಕೊಂದು, ಕೆಳಗೊಂದು ಕೂಡಿಸಿ ಅಕ್ಷರ ಕಟ್ಟುತ್ತಿದ್ದ. ಆ ಕೀಲಿಗಳ ಜೋಡಣೆಗೆ ‘ಅನಂತ’ ವಿನ್ಯಾಸವೆಂಬ ಹೆಸರೇ ನಿಂತಿತು.

ಕಾಗದದ ಮೇಲೆ ಈ ಉಪಾಯಕ್ಕೆ ದೋಷವಿರಲಿಲ್ಲ. ಅಚ್ಚಾದ ಹಾಳೆಯನ್ನು ಓದುವುದು ಮನುಷ್ಯನ ಕಣ್ಣು. ತುಂಡುಗಳು ಸೇರಿ ಅಕ್ಷರವಾಗಿ ಕಂಡರೆ ಕೆಲಸ ಮುಗಿಯಿತು. ಗಣಕದಲ್ಲಿ ಹಾಗಲ್ಲ. ಗಣಕ ಅಕ್ಷರವನ್ನು ತೋರಿಸುವುದಷ್ಟೇ ಅಲ್ಲ, ನೆನಪಿಡಬೇಕು, ಹುಡುಕಬೇಕು, ಅಕಾರಾದಿಯಾಗಿ ಜೋಡಿಸಬೇಕು, ಇನ್ನೊಂದು ಗಣಕಕ್ಕೆ ದಾಟಿಸಬೇಕು. ಅದಕ್ಕೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಬೇಕು. ಆ ಸಂಖ್ಯೆ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿರಬೇಕು.

ಬಾಡಿಗೆ ಮನೆಯ ಅಕ್ಷರಗಳು

ಹಳೆಯ ಗಣಕಗಳಲ್ಲಿ ಒಂದು ಅಕ್ಷರಶೈಲಿಗೆ, ಅಂದರೆ ಫಾಂಟಿಗೆ, 256 ಮನೆಗಳಷ್ಟೇ ಇದ್ದವು. ಆ ಮನೆಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಯುರೋಪಿನ ಭಾಷೆಗಳ ಚಿಹ್ನೆಗಳು ಮೊದಲೇ ಬಿಡಾರ ಹೂಡಿದ್ದವು. ಕನ್ನಡದ ತಂತ್ರಾಂಶ ಮಾಡಿದವರು ಟೈಪ್‌ರೈಟರಿನ ಉಪಾಯವನ್ನೇ ಹಿಡಿದರು. ಕನ್ನಡದ ತುಂಡುಗಳನ್ನು ಆ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದರು. ಗಣಕದ ನೆನಪಿನಲ್ಲಿ ಇರುವುದು ಪೌಂಡ್ ಚಿಹ್ನೆಯ ಸಂಖ್ಯೆ. ಆದರೆ ಫಾಂಟು ಆ ಸಂಖ್ಯೆಗೆ ಪೌಂಡಿನ ಬದಲು ನಕಾರದ ಒಡಲನ್ನು ಬಿಡಿಸಿ ತೋರಿಸುತ್ತದೆ. ಫಾಂಟು ಇರುವವರೆಗೆ ಗುಟ್ಟು ರಟ್ಟಾಗುವುದಿಲ್ಲ. ಫಾಂಟು ಇಲ್ಲದ ಯಂತ್ರಕ್ಕೆ ಕಡತ ಹೋದ ಕೂಡಲೆ ವೇಷ ಕಳಚುತ್ತದೆ.

‘ನುಡಿ’ ಫಾಂಟಿನಲ್ಲಿ ಬರೆದ ಖಾನಾಪುರ ಎಂಬ ಹೆಸರನ್ನು ಆ ಫಾಂಟಿಲ್ಲದ ಗಣಕದಲ್ಲಿ ತೆರೆದರೆ ನಕಾರವಿದ್ದಲ್ಲಿ ಬ್ರಿಟನ್ನಿನ ಪೌಂಡ್, ಪಕಾರವಿದ್ದಲ್ಲಿ ಜಪಾನಿನ ಯೆನ್ ಕಾಣುತ್ತದೆ. ಬೆಳಗಾವಿ ಎಂದು ಬರೆದಿದ್ದರೆ ಳಕಾರದ ಜಾಗದಲ್ಲಿ ಕಾಲು ಎಂಬ ಭಿನ್ನರಾಶಿ, ಗಕಾರದ ಜಾಗದಲ್ಲಿ ಇಂಗ್ಲಿಷಿನ ‘ಯು’ ಕಾಣುತ್ತದೆ. ಇದನ್ನು ವೈರಸ್ ಎಂದು ಭಾವಿಸಿ ಕಡತಗಳನ್ನು ಅಳಿಸಿಹಾಕುವವರಿದ್ದಾರೆ. ಅದು ದುಡುಕು. ಪೌಂಡು, ಯೆನ್ನುಗಳು ಕಾಣುತ್ತಿವೆ ಎಂದರೆ ಬರಹ ಒಂದಕ್ಷರವೂ ನಷ್ಟವಾಗದೆ ಉಳಿದಿದೆ ಎಂದೇ ಅರ್ಥ.

ತೊಂದರೆ ಇನ್ನೊಂದಿತ್ತು. ಯಾವ ತುಂಡನ್ನು ಯಾವ ಮನೆಯಲ್ಲಿ ಕೂರಿಸಬೇಕು ಎಂಬುದಕ್ಕೆ ಆರಂಭದಲ್ಲಿ ನಿಯಮವಿರಲಿಲ್ಲ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ತಮ್ಮ ತಮ್ಮ ಪದ್ಧತಿ ಹಿಡಿದವು. ಒಂದರಲ್ಲಿ ಬರೆದುದು ಇನ್ನೊಂದಕ್ಕೆ ಅರ್ಥವಾಗದು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲೇ, ಉಚ್ಚಾರಣೆಯನ್ನು ಅನುಸರಿಸಿ ಕನ್ನಡ ಬರೆಯುವ ವಿನ್ಯಾಸ ರೂಪಿಸಿ, ಅದನ್ನು ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಅವರ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದು ಹೆಸರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಸೇರಿತು. ಅದರ ಕೀಲಿಮಣೆಯ ತಳಹದಿ ಕೆ. ಪಿ. ರಾವ್ ವಿನ್ಯಾಸವೇ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು’ ತಂತ್ರಾಂಶ ಹೊರಬರುವುದರ ಹಿಂದೆ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆಯಿತ್ತು. ಕನ್ನಡಿಗರು ಈ ಕೆಲಸವನ್ನು ಕಂಪನಿಗಳಿಗೆ ಬಿಟ್ಟು ಕೈಕಟ್ಟಿ ಕೂರಲಿಲ್ಲ ಎಂಬುದಕ್ಕೆ ಇವು ಸಾಕ್ಷಿ.

ಎರಡು ಲಿಪಿಯ ಮೇಜು

ಬೆಳಗಾವಿಯ ಕಚೇರಿ ಮೇಜಿಗೆ ಇನ್ನೊಂದು ಹೊರೆಯಿದೆ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು. ಹಳೆಯ ದಫ್ತರಗಳಲ್ಲಿ ಕನ್ನಡದ ಜೊತೆಗೆ ಮರಾಠಿಯಿದೆ; ಅದರಲ್ಲೂ ಮೋಡಿ ಲಿಪಿಯ ಕಾಗದಗಳಿವೆ. ಮೋಡಿ ಓದಬಲ್ಲವರು ಈಗ ವಿರಳ. ಅಜ್ಜನ ಖರೀದಿ ಪತ್ರ ಕೈಯಲ್ಲಿದ್ದರೂ ಅದರಲ್ಲಿ ಏನಿದೆ ಎಂದು ತಿಳಿಯಲು ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾದ ಕುಟುಂಬಗಳಿಗೆ, ಲಿಪಿಯ ಒಪ್ಪಂದ ಮುರಿದರೆ ಆಗುವ ನಷ್ಟವನ್ನು ಬೇರೆ ಹೇಳಬೇಕಾಗಿಲ್ಲ.

ಎರಡು ಲಿಪಿಗಳನ್ನು ಒಂದೇ ಯಂತ್ರದಲ್ಲಿ ನಿಭಾಯಿಸುವ ದಾರಿ ಹತ್ತಿರದ ಪುಣೆಯಿಂದಲೇ ಬಂತು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಬೆಳೆದ ‘ಜಿಸ್ಟ್’ ತಂತ್ರಜ್ಞಾನವನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿತು. ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲ ಒಂದೇ ವರ್ಣಮಾಲೆಯ ಹಲವು ಉಡುಪುಗಳು ಎಂಬುದು ಅದರ ಮೂಲ ವಿಚಾರ. ‘ಕ’ ಎಂಬ ಧ್ವನಿಗೆ ಒಂದೇ ಸಂಖ್ಯೆ; ಪರದೆಯ ಮೇಲೆ ಅದನ್ನು ಕನ್ನಡವಾಗಿಯೋ ದೇವನಾಗರಿಯಾಗಿಯೋ ತೋರಿಸಬಹುದು. 1991ರಲ್ಲಿ ಇದು ‘ಇಸ್ಕಿ’ ಎಂಬ ಭಾರತೀಯ ಮಾನಕವಾಯಿತು. ಇದರ ಜೊತೆಗಿನ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಒಮ್ಮೆ ಕಲಿತ ಗುಮಾಸ್ತ ಅದೇ ಬೆರಳೋಟದಲ್ಲಿ ಕನ್ನಡವನ್ನೂ ಮರಾಠಿಯನ್ನೂ ಬರೆಯಬಹುದು.

ಅದೇ 1991ರಲ್ಲಿ ಜಗತ್ತಿನ ಲಿಪಿಗಳನ್ನೆಲ್ಲ ಒಂದೇ ಪಟ್ಟಿಗೆ ತರುವ ‘ಯೂನಿಕೋಡ್’ನ ಮೊದಲ ಆವೃತ್ತಿ ಹೊರಬಂತು. ಅದರಲ್ಲಿ ಕನ್ನಡಕ್ಕೆ 128 ಸ್ವಂತ ಮನೆಗಳು, ದೇವನಾಗರಿಗೆ 128 ಮನೆಗಳು ಸಿಕ್ಕವು. ಜೋಡಣೆ ಇಸ್ಕಿಯದೇ ಮಾದರಿ. ದೇವನಾಗರಿಯ ‘ಕ’ 2325ನೆಯ ಮನೆಯಲ್ಲಿದ್ದರೆ ಕನ್ನಡದ ‘ಕ’ 3221ನೆಯದರಲ್ಲಿ; ‘ಖ’, ‘ಗ’ಗಳಿಗೂ ಅದೇ 896ರ ಅಂತರ. ಮೋಡಿಗೂ 2014ರಲ್ಲಿ ಅದೇ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಬಾಡಿಗೆ ಮನೆಯ ಕಾಲ ಮುಗಿದು ಕನ್ನಡಕ್ಕೆ ಸ್ವಂತ ವಿಳಾಸ ಬಂದದ್ದು ಹೀಗೆ. ಆದರೆ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಪರದೆಯ ಮೇಲೆ ಕನ್ನಡ ಮೂಡಲಿಲ್ಲ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟು ಬಂದ ಮೇಲೆ ಸಾಮಾನ್ಯ ಗಣಕದಲ್ಲಿ ಯೂನಿಕೋಡ್ ಕನ್ನಡ ಓಡಾಡತೊಡಗಿತು. ರಾಜ್ಯ ಸರ್ಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪುವ ಹೊತ್ತಿಗೆ ಕಚೇರಿಗಳಲ್ಲಿ ಹಳೆಯ ಪದ್ಧತಿಯ ಕಡತಗಳು ರಾಶಿ ಬಿದ್ದಿದ್ದವು.

ಉತಾರ ಗಣಕ ಸೇರಿದಾಗ

ಅಕ್ಷರದ ತೊಂದರೆ ಪತ್ರ ವ್ಯವಹಾರದಲ್ಲಷ್ಟೇ ಇದ್ದಿದ್ದರೆ ಅದನ್ನು ಕಿರಿಕಿರಿ ಎಂದು ಬಿಟ್ಟುಬಿಡಬಹುದಿತ್ತು. ‘ಭೂಮಿ’ ಯೋಜನೆ ಬಂದ ಮೇಲೆ ಅದು ಹೊಲದ ಪ್ರಶ್ನೆಯಾಯಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಸುಮಾರು 67 ಲಕ್ಷ ರೈತರ ಹೆಸರುಗಳು ಅದರಲ್ಲಿದ್ದವು. ತಲಾಠಿಯ ಕೈಬರಹದ ಉತಾರಕ್ಕೆ ಮಾನ್ಯತೆ ಹೋಯಿತು; ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಸಿಗುವಂತಾಯಿತು. ಆ ಕಿಟಕಿಗಳ ವ್ಯವಸ್ಥೆಯಲ್ಲಿ ರೈತನ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೊಂದಿತ್ತು. ಒಳಗೆ ಕುಳಿತವರು ಏನು ತೆರೆದಿದ್ದಾರೆ ಎಂಬುದು ಹೊರಗೆ ನಿಂತವರಿಗೂ ಕಾಣಲಿ ಎಂಬ ಉದ್ದೇಶ.

ಮನುಷ್ಯ ಓದುವಾಗ ಕ್ಷಮಿಸುವ ತಪ್ಪುಗಳನ್ನು ಗಣಕ ಕ್ಷಮಿಸುವುದಿಲ್ಲ. ಬೆಳಗಾವಿ ಸೀಮೆಯಲ್ಲಿ ಪಾಟೀಲರು ಮನೆಮನೆಗೂ ಇದ್ದಾರೆ. ‘ಪಾಟೀಲ’, ‘ಪಾಟಿಲ’, ‘ಪಾಟೀಲ್’ ಎಂಬ ಮೂರು ಬರಹ ತಲಾಠಿಗೆ ಒಬ್ಬನೇ ಮನುಷ್ಯ; ಗಣಕಕ್ಕೆ ಮೂವರು. ಮರಾಠಿಯ ಹೆಸರು ಕನ್ನಡಕ್ಕೆ, ಕನ್ನಡದ್ದು ಇಂಗ್ಲಿಷಿಗೆ, ಇಂಗ್ಲಿಷಿನದು ಮತ್ತೆ ಕನ್ನಡಕ್ಕೆ ದಾಟುವಾಗ ‘ಚವ್ಹಾಣ’ ಚೌಹಾಣನಾಗುತ್ತಾನೆ, ಚವಾಣನೂ ಆಗುತ್ತಾನೆ. ಉತಾರದಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಇನ್ನೊಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಇದ್ದರೆ ಬೆಳೆ ಸಾಲವಿರಲಿ, ಪರಿಹಾರವಿರಲಿ, ಹೆಸರು ಹೊಂದುತ್ತಿಲ್ಲವೆಂಬ ಷರಾ ಬೀಳುತ್ತದೆ. ಒಂದು ದೀರ್ಘಕ್ಕಾಗಿ ರೈತ ಹಳ್ಳಿಯಿಂದ ಮತ್ತೆ ಮತ್ತೆ ತಾಲ್ಲೂಕು ಕಚೇರಿಗೆ ಬರಬೇಕಾಗುತ್ತದೆ.

ಲಕ್ಷಣ ನೋಡಿ ರೋಗ ತಿಳಿಯುವುದು

ವೈದ್ಯರು ನಾಡಿ ಹಿಡಿಯುವಂತೆ ಪರದೆಯ ಮೇಲೆ ಕಾಣುವ ಕೆಟ್ಟ ಅಕ್ಷರವನ್ನೇ ನೋಡಿ ಕಾರಣ ಹೇಳಬಹುದು. ಮುಖ್ಯವಾಗಿ ಆರು ಲಕ್ಷಣಗಳಿವೆ.

ಮೊದಲನೆಯದು, ಪೌಂಡ್, ಯೆನ್, ಕಾಲು ಭಾಗದ ಗುರುತುಗಳು. ಇದು ಹಳೆಯ ಪದ್ಧತಿಯ ಕಡತ, ಫಾಂಟು ಮಾತ್ರ ಇಲ್ಲ. ಬರೆದವರು ಬಳಸಿದ ನುಡಿ, ಬರಹ ಅಥವಾ ಶ್ರೀಲಿಪಿ ಫಾಂಟನ್ನು ಸ್ಥಾಪಿಸಿ, ಬರಹವನ್ನು ಆರಿಸಿ ಆ ಫಾಂಟು ಕೊಟ್ಟರೆ ಕನ್ನಡ ಮೂಡುತ್ತದೆ. ಶಾಶ್ವತ ಪರಿಹಾರ ಬೇಕಾದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಬದಲಿಸಬೇಕು. ಆಗ ಬರಹದ ನಡುವೆ ಇರುವ ಇಂಗ್ಲಿಷ್ ಪದಗಳು ಮತ್ತು ಮಿಂಚಂಚೆ ವಿಳಾಸಗಳು ಕೆಡುವ ಸಂಭವವಿದೆ. ಅವನ್ನು ಕಣ್ಣಾರೆ ಪರಿಶೀಲಿಸಬೇಕು.

ಎರಡನೆಯದು, ಅಕ್ಷರದ ಬದಲು ಖಾಲಿ ಚೌಕಗಳು. ಕಡತ ಯೂನಿಕೋಡಿನಲ್ಲೇ ಇದೆ, ಆದರೆ ಆರಿಸಿದ ಫಾಂಟಿನಲ್ಲಿ ಕನ್ನಡವಿಲ್ಲ. ತುಂಗಾ ಅಥವಾ ಹೊಸ ವಿಂಡೋಸ್‌ನ ನಿರ್ಮಲಾ ಫಾಂಟು ಕೊಟ್ಟರೆ ಸಾಕು.

ಮೂರನೆಯದು, ಮೇಲೆ ಓರೆಗೆರೆಯಿರುವ ಸಣ್ಣ ‘ಎ’ ಮತ್ತು ಅದರ ಪಕ್ಕ ತಲೆಯ ಮೇಲೇರಿದ ಪುಟ್ಟ ಎರಡರ ಅಂಕಿ, ಇವು ಜೋಡಿಯಾಗಿ ಮತ್ತೆ ಮತ್ತೆ ಬರುವುದು. ಪಟ್ಟಿಯ ಕಡತಗಳನ್ನು ಎಕ್ಸೆಲ್‌ನಲ್ಲಿ ನೇರವಾಗಿ ತೆರೆದಾಗ ಇದು ಸಾಮಾನ್ಯ. ದತ್ತಾಂಶ ಸರಿಯಾಗಿದೆ, ತೆರೆದ ರೀತಿ ತಪ್ಪು. ಉಳಿಸದೆ ಮುಚ್ಚಿ, ಆಮದು ಮಾಡುವ ಆಯ್ಕೆಯಿಂದ ‘ಯುಟಿಎಫ್-8’ ಎಂದು ಹೇಳಿ ಮತ್ತೆ ತೆರೆಯಬೇಕು. ಕೆಟ್ಟದ್ದನ್ನೇ ಉಳಿಸಿಬಿಟ್ಟರೆ ಮುಂದೆ ಸರಿಪಡಿಸುವುದು ಕಷ್ಟ.

ನಾಲ್ಕನೆಯದು, ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು. ಕನ್ನಡ ಬರಹವನ್ನು ಕನ್ನಡಕ್ಕೆ ಜಾಗವಿಲ್ಲದ ಹಳೆಯ ಪದ್ಧತಿಯಲ್ಲಿ ಉಳಿಸಿದಾಗ ಹೀಗಾಗುತ್ತದೆ. ಇದಕ್ಕೆ ಮದ್ದಿಲ್ಲ, ಅಕ್ಷರಗಳು ನಿಜವಾಗಿಯೂ ಹೋಗಿವೆ. ಉಳಿದ ಪ್ರತಿ ಎಲ್ಲಿದೆ ಎಂದು ಹುಡುಕುವುದೊಂದೇ ದಾರಿ.

ಐದನೆಯದು, ಒತ್ತಿದ ಅಕ್ಷರ ಒಂದು, ಮೂಡುವುದು ಇನ್ನೊಂದು. ವಿಂಡೋಸ್‌ನೊಂದಿಗೆ ಬರುವ ಕನ್ನಡ ಕೀಲಿಮಣೆ ಇನ್‌ಸ್ಕ್ರಿಪ್ಟ್. ಹೆಚ್ಚಿನವರು ಕಲಿತಿರುವುದು ನುಡಿಯ ಕೆ. ಪಿ. ರಾವ್ ವಿನ್ಯಾಸ. ‘ಕೆ’ ಕೀಲಿ ಎರಡರಲ್ಲೂ ‘ಕ’ವನ್ನೇ ಕೊಡುವುದರಿಂದ ಮೊದಲಿಗೆ ಅನುಮಾನ ಬರುವುದಿಲ್ಲ. ‘ಜಿ’ ಒತ್ತಿದರೆ ನುಡಿಯಲ್ಲಿ ‘ಗ’, ಇನ್‌ಸ್ಕ್ರಿಪ್ಟ್‌ನಲ್ಲಿ ಉಕಾರದ ಕೊಂಬು. ‘ಎಫ್’ ಒತ್ತಿದರೆ ನುಡಿಯಲ್ಲಿ ಒತ್ತಕ್ಷರದ ಕೊಂಡಿ, ಇನ್‌ಸ್ಕ್ರಿಪ್ಟ್‌ನಲ್ಲಿ ಗುಡಿಸು. ಚುಕ್ಕಿಗಳ ಉಂಗುರಕ್ಕೆ ಕೊಂಬು ಅಂಟಿಕೊಂಡು ಬಂದರೆ ವಿನ್ಯಾಸ ಬದಲಾಗಿದೆ ಎಂದು ತಿಳಿಯಬೇಕು. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ವಿನ್ಯಾಸಗಳು ಒಂದಾದ ಮೇಲೊಂದು ಬದಲಾಗುತ್ತವೆ. ನುಡಿಯಲ್ಲಿ ಕನ್ನಡ, ಇಂಗ್ಲಿಷ್ ಬದಲಿಸಲು ರೂಢಿಯಲ್ಲಿದ್ದದ್ದು ‘ಸ್ಕ್ರಾಲ್ ಲಾಕ್’ ಕೀಲಿ. ಅನೇಕ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿಯೇ ಇಲ್ಲ. ಆಗ ಪರದೆಯ ಮೇಲೆ ತೋರುವ ಕೀಲಿಮಣೆಯನ್ನು ತೆರೆದು ಅದರಲ್ಲಿ ಒತ್ತಬಹುದು.

ಆರನೆಯದು ಎಲ್ಲಕ್ಕಿಂತ ಮೋಸದ್ದು: ಹೆಸರು ಕಣ್ಣಿಗೆ ಸರಿಯಾಗಿಯೇ ಇದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ಯೂನಿಕೋಡಿನಲ್ಲಿ ‘ಟೀ’ ಎಂಬುದನ್ನು ದೀರ್ಘ ಸಹಿತ ಒಂದೇ ಚಿಹ್ನೆಯಿಂದಲೂ ಬರೆಯಬಹುದು, ಗುಡಿಸು ಮತ್ತು ದೀರ್ಘವನ್ನು ಬೇರೆ ಬೇರೆ ಹಾಕಿಯೂ ಬರೆಯಬಹುದು. ನೋಟಕ್ಕೆ ವ್ಯತ್ಯಾಸವಿಲ್ಲ, ಸಂಖ್ಯೆಯಲ್ಲಿದೆ. ಅರ್ಕಾವತ್ತು ಬಾರದಂತೆ ರಕಾರಕ್ಕೆ ಒತ್ತು ಕೊಟ್ಟು ಬರೆದಲ್ಲೂ ಕಣ್ಣಿಗೆ ಕಾಣದ ಜೋಡಕ ಚಿಹ್ನೆ ಸೇರಿಕೊಂಡಿರುತ್ತದೆ. ಹೀಗಾದಾಗ ಹೆಸರಿನ ಮೊದಲ ಎರಡು ಅಕ್ಷರಗಳನ್ನಷ್ಟೇ ಕೊಟ್ಟು ಹುಡುಕಬೇಕು. ಅದಕ್ಕೂ ಮೇಲಾದುದು, ಹೆಸರಿಗಿಂತ ಸರ್ವೆ ನಂಬರಿನಿಂದ ಹುಡುಕುವ ಅಭ್ಯಾಸ.

ಪಿಡಿಎಫ್ ಕಡತದ ಬಗ್ಗೆ ಒಂದು ಎಚ್ಚರಿಕೆ. ಅದರೊಳಗೆ ಫಾಂಟು ಅಡಗಿ ಕುಳಿತಿರುವುದರಿಂದ ಹಳೆಯ ಪದ್ಧತಿಯ ಬರಹವೂ ಚೊಕ್ಕವಾಗಿ ಕಾಣುತ್ತದೆ. ಅಲ್ಲಿಂದ ಒಂದು ಸಾಲು ನಕಲು ಮಾಡಿ ಬೇರೆಡೆ ಅಂಟಿಸಿದರೆ ಮತ್ತೆ ಪೌಂಡು, ಯೆನ್ನು. ಕಡತ ಯಾವ ಪದ್ಧತಿಯದೆಂದು ತಿಳಿಯಲು ಇದೇ ಸುಲಭದ ಪರೀಕ್ಷೆ.

ಮಳೆ, ಮಿಂಚು, ಗಡಿಯಾರ

ಅಕ್ಷರದ ಜೊತೆಗೆ ಯಂತ್ರವನ್ನೂ ನೋಡಿಕೊಳ್ಳಬೇಕು. ಅದರಲ್ಲೂ ಖಾನಾಪುರದ ಮಳೆ ಸಾಮಾನ್ಯದ್ದಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸುತ್ತ ಸಹ್ಯಾದ್ರಿಯ ನೆತ್ತಿಗೆ ಮೋಡ ಬಡಿಯುತ್ತದೆ. ತಾಲ್ಲೂಕಿನ ಅಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರಿಗೂ ಹೆಚ್ಚು ಮಳೆ ದಾಖಲಾಯಿತು. ಇಂಥಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಮೊದಲು ತೊಂದರೆಗೆ ಸಿಲುಕುವುದು ಮುದ್ರಕ. ಕಾಗದ ತೇವ ಹೀರಿಕೊಂಡು ಎರಡೆರಡು ಹಾಳೆ ಒಟ್ಟಿಗೆ ಎಳೆಯುತ್ತದೆ, ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಅಕ್ಷರ ಮಸುಕಾಗುತ್ತದೆ. ಟೋನರ್ ಮುಗಿಯಿತೆಂದು ಹೊಸದು ತರಿಸುವ ಮೊದಲು ಕಾಗದ ಬದಲಿಸಿ ನೋಡಬೇಕು. ಒಡೆದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟು, ಅಂದಿನ ಕೆಲಸಕ್ಕೆ ಬೇಕಾದಷ್ಟೇ ಹಾಳೆ ತುಂಬಬೇಕು.

ಮಳೆಗಾಲದಲ್ಲಿ ಗಣಕವನ್ನು ವಾರಗಟ್ಟಲೆ ಮುಚ್ಚಿಡುವುದಕ್ಕಿಂತ ದಿನಕ್ಕೊಮ್ಮೆ ಚಾಲೂ ಮಾಡುವುದು ಒಳ್ಳೆಯದು. ಒಳಗಿನ ಬಿಸಿ ತೇವವನ್ನು ಓಡಿಸುತ್ತದೆ. ಫ್ಯಾನ್ ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕತ್ತಲು, ಬೀಪ್ ಸದ್ದು ಎಂದಾದರೆ ಬಹಳ ಸಲ ಕಾರಣ ರ‍್ಯಾಮ್ ಪಟ್ಟಿಯ ಅಂಚಿನಲ್ಲಿ ಕಟ್ಟಿದ ಕಿಲುಬು. ವಿದ್ಯುತ್ ಸಂಪರ್ಕ ಪೂರ್ತಿ ತೆಗೆದು, ಪಟ್ಟಿಯನ್ನು ಬಿಚ್ಚಿ, ಅದರ ಹೊಳೆಯುವ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರೆ ಯಂತ್ರ ಎದ್ದು ಕೂರುವುದುಂಟು. ರಿಪೇರಿಯವರು ಮೊದಲು ಮಾಡಿ ನೋಡುವ ಕೆಲಸವೂ ಇದೇ. ಲ್ಯಾಪ್‌ಟಾಪ್ ಏಳದಿದ್ದರೆ ಚಾರ್ಜರ್ ತೆಗೆದು, ಬ್ಯಾಟರಿ ಬಿಚ್ಚಲು ಬರುವಂತಿದ್ದರೆ ಬಿಚ್ಚಿ, ಪವರ್ ಗುಂಡಿಯನ್ನು ಅರ್ಧ ನಿಮಿಷ ಅದುಮಿ ಹಿಡಿದು, ನಂತರ ಚಾರ್ಜರ್ ಹಾಕಿ ಪ್ರಯತ್ನಿಸಬೇಕು.

ಗುಡುಗು ಮಿಂಚು ಇರುವಾಗ ವಿದ್ಯುತ್ ತಂತಿಯ ಜೊತೆಗೆ ಅಂತರ್ಜಾಲದ ತಂತಿಯನ್ನೂ ಕಿತ್ತಿಡಬೇಕು. ಅನೇಕರು ಎರಡನೆಯದನ್ನು ಮರೆಯುತ್ತಾರೆ. ಲೇಸರ್ ಮುದ್ರಕವನ್ನು ಯುಪಿಎಸ್‌ಗೆ ಜೋಡಿಸಬಾರದು. ಅಕ್ಷರವನ್ನು ಕಾಗದಕ್ಕೆ ಕರಗಿಸಿ ಅಂಟಿಸಲು ಅದು ಒಮ್ಮೆಗೇ ಎಳೆಯುವ ವಿದ್ಯುತ್ತನ್ನು ಸಣ್ಣ ಯುಪಿಎಸ್ ತಾಳಲಾರದು.

ಚಿಕ್ಕದಾದರೂ ದೊಡ್ಡ ಗೊಂದಲ ಮಾಡುವ ಭಾಗ ಇನ್ನೊಂದಿದೆ. ಗಣಕದ ಒಳಗೆ ರೂಪಾಯಿ ನಾಣ್ಯದಂತಹ 3 ವೋಲ್ಟಿನ ಬ್ಯಾಟರಿಯಿದೆ. ಯಂತ್ರ ಆರಿದ್ದಾಗ ಗಡಿಯಾರವನ್ನು ನಡೆಸುವುದು ಅದರ ಕೆಲಸ. ಅದು ಸತ್ತರೆ ಪ್ರತಿ ಬೆಳಿಗ್ಗೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಸರ್ಕಾರಿ ಜಾಲತಾಣಗಳು ಸುರಕ್ಷಿತವಲ್ಲವೆಂದು ತೆರೆಯಲು ನಿರಾಕರಿಸುತ್ತವೆ, ಡಿಜಿಟಲ್ ಸಹಿ ಒಪ್ಪಿಗೆಯಾಗುವುದಿಲ್ಲ, ಉಳಿಸಿದ ಪತ್ರಕ್ಕೆ ತಪ್ಪು ತಾರೀಖು ಬೀಳುತ್ತದೆ. ಜನ ಅಂತರ್ಜಾಲವನ್ನು ಬಯ್ಯುತ್ತಾರೆ. ಪರದೆಯ ಮೂಲೆಯ ದಿನಾಂಕವನ್ನೊಮ್ಮೆ ನೋಡಿದ್ದರೆ ಕಾರಣ ಅಲ್ಲೇ ಇರುತ್ತದೆ. ‘2032’ ಎಂಬ ಸಂಖ್ಯೆಯಿರುವ ಆ ಬ್ಯಾಟರಿ ಗಡಿಯಾರದ ಅಂಗಡಿಯಲ್ಲೂ ಅಗ್ಗಕ್ಕೆ ಸಿಗುತ್ತದೆ.

ಇಂದು ಮಾಡಬೇಕಾದ ಕೆಲಸ

ವಿಂಡೋಸ್ ಎಕ್ಸ್‌ಪಿಗೆ ಕಂಪನಿಯ ಬೆಂಬಲ ನಿಂತದ್ದು 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ. ಇಂಥ ಗಡುವು ಬಂದಾಗಲೆಲ್ಲ ಕಚೇರಿಗಳಿಂದ ಹಳೆಯ ಯಂತ್ರಗಳು ಹೊರಬೀಳುತ್ತವೆ. ಅವುಗಳ ಜೊತೆಗೇ ಹಳೆಯ ಕನ್ನಡ ಫಾಂಟುಗಳೂ ಅವನ್ನು ಓದಬಲ್ಲ ತಂತ್ರಾಂಶಗಳೂ ಹೋಗುತ್ತವೆ. ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಅದರೊಳಗಿನ ಕನ್ನಡ ಕಡತಗಳನ್ನು ಯೂನಿಕೋಡಿಗೆ ಬದಲಿಸಿ, ಫಾಂಟುಗಳ ಪ್ರತಿಯನ್ನೂ ಜೊತೆಗಿಟ್ಟು, ಎರಡು ಬೇರೆ ಬೇರೆ ಕಡೆ ಉಳಿಸಬೇಕು. ಪಂಚಾಯಿತಿಯ ಠರಾವು, ಸಹಕಾರಿ ಸಂಘದ ಸದಸ್ಯರ ಪಟ್ಟಿ, ಶಾಲೆಯ ದಾಖಲಾತಿ, ಊರ ಗುಡಿಯ ಲೆಕ್ಕ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ.

ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂಸುರಕ್ಷಾ’ ಕೆಲಸ 2024ರಲ್ಲಿ ಆರಂಭವಾಯಿತು. ಹಾಳೆ ಹರಿಯುವ, ಗೆದ್ದಲು ಹಿಡಿಯುವ ಭಯ ಇದರಿಂದ ತಪ್ಪುತ್ತದೆ. ಆದರೆ ಸ್ಕ್ಯಾನ್ ಆದ ಹಾಳೆ ಗಣಕದ ಮಟ್ಟಿಗೆ ಒಂದು ಚಿತ್ರ. ಅದರಲ್ಲಿರುವ ಹೆಸರು ಗಣಕಕ್ಕೆ ಸಿಗಬೇಕಾದರೆ ಯಾರಾದರೂ ಓದಿ, ಸರಿಯಾದ ಕಾಗುಣಿತದಲ್ಲಿ ಬರೆಯಲೇಬೇಕು. ಮೋಡಿಯಲ್ಲಿದ್ದರೆ ಮೋಡಿ ಬಲ್ಲವರೇ ಬೇಕು. ಅಂಥವರು ಬದುಕಿರುವಾಗಲೇ ಆ ಕೆಲಸ ಆಗಬೇಕು.

ಭೂಮಿ ಯೋಜನೆಯ ಎರಡನೆಯ ಪರದೆಯ ಹಿಂದಿದ್ದ ವಿಚಾರ ಇಲ್ಲಿ ನೆನಪಿಡತಕ್ಕದ್ದು. ಉತಾರವಾಗಲಿ, ಜಾತಿ ಪ್ರಮಾಣ ಪತ್ರವಾಗಲಿ, ಮುದ್ರಿಸುವ ಗುಂಡಿ ಒತ್ತುವ ಮೊದಲು ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಸಿ ನೋಡುವ ಹಕ್ಕು ಕಿಟಕಿಯಾಚೆ ನಿಂತವರಿಗಿದೆ. ದೀರ್ಘ ಬಿಟ್ಟುಹೋಗಿದ್ದರೆ ಆ ಕ್ಷಣದಲ್ಲಿ ಒಂದು ಕೀಲಿ ಒತ್ತಿದರೆ ಸರಿಹೋಗುತ್ತದೆ. ಮುದ್ರಣವಾಗಿ ಸಹಿ ಬಿದ್ದ ಮೇಲೆ ಅದೇ ದೀರ್ಘಕ್ಕೆ ಅರ್ಜಿ, ಅಫಿಡವಿಟ್, ತಿಂಗಳ ಕಾಯುವಿಕೆ.